ಬಿಲ್ಲೆಗೆ ಎಷ್ಟು ಬಿತ್ತು

ಅತ್ತೆಗೆ ಹೇಗೆ ಹೇಳುವುದೆಂದು ಚೂಟಿ ಮೂರು ದಿನದಿಂದ ಒದ್ದಾಡುತ್ತಿದ್ದಳು. ಲಾಂಡ್ರಿಯ ಒಡತಿ ಅವಳು, ವಯಸ್ಸು ಮೂವತ್ತಾರು, ಕೈಕೆಳಗೆ ಏಳು ಜನ. ಹೋಟೆಲಿನ ಮ್ಯಾನೇಜರನ ಜೊತೆ ಕಣ್ಣಲ್ಲಿ ಕಣ್ಣಿಟ್ಟು ದರ ಮಾತಾಡಬಲ್ಲವಳು. ಆದರೆ ಅತ್ತೆಯ ಎದುರು ನಿಂತರೆ ಈಗಲೂ ಶಾಲೆಗೆ ಚಕ್ಕರ್ ಹೊಡೆದು ಸಿಕ್ಕಿಬಿದ್ದವಳ ಹಾಗೆ ಆಗಿಬಿಡುತ್ತಿತ್ತು. ಹೇಳಬೇಕಾದ ಮಾತು ಉದ್ದದ್ದೇನಲ್ಲ. ಮುಂದಿನ ತಿಂಗಳಿನಿಂದ ಕೌಂಟರ್ ಮುಚ್ಚುತ್ತೇವೆ, ಅಷ್ಟೆ. ಈಗ ಆ ದಿನಗಳನ್ನು ನೆನೆದರೆ, ಆ ಮಾತು ನಿಜವಾಗಲು ಬಿಡದ ಇಬ್ಬರಿಗೂ ಅವಳು ಮನಸ್ಸಿನಲ್ಲೇ ಕೈಮುಗಿಯುತ್ತಾಳೆ.

ಆ ಅಂಗಡಿಯಲ್ಲಿ ಕೌಂಟರ್ ಎಂದರೆ ಅತ್ತೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ, ಮೊಣಕೈ ಊರಿ ಊರಿ ನುಣುಪಾದ ಉದ್ದನೆಯ ಹಲಗೆ, ಅದರ ಹಿಂದೆ ಗೋಡೆಯ ತುಂಬ ಮೊಳೆ, ಮೊಳೆಗೆ ಒಂದೊಂದು ಜೊತೆ ಹಿತ್ತಾಳೆ ಬಿಲ್ಲೆ. ಗಿರಾಕಿ ಬಟ್ಟೆಗಂಟು ಇಟ್ಟರೆ ಒಂದು ಬಿಲ್ಲೆ ಗಂಟಿಗೆ, ಅದೇ ನಂಬರಿನ ಇನ್ನೊಂದು ಗಿರಾಕಿಯ ಕೈಗೆ. ಇಪ್ಪತ್ತೆಂಟು ವರ್ಷದಿಂದ ಆ ಹಲಗೆಯ ಹಿಂದೆ ನಿಂತಿದ್ದವಳು ಚೂಟಿಯ ಅಪ್ಪನ ಅಕ್ಕ. ಚೂಟಿಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅದೇ ವಾರ ಅತ್ತೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಂದು, ನಾಲ್ಕು ದಿನ ಇದ್ದು ಹೋಗುತ್ತೇನೆ ಅಂದಿದ್ದಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಚೂಟಿಯ ತಲೆ ಬಾಚಿದ್ದು ಆ ಕೌಂಟರಿನ ಹಿಂದೆ. ಜ್ವರ ಬಂದಾಗ ಅವಳನ್ನು ಮಲಗಿಸಿದ್ದು ಹಲಗೆಯ ಕೆಳಗೆ, ಯಾರದೋ ಒಗೆದ ಕಂಬಳಿಯ ಮೇಲೆ. ಮಗ್ಗಿ ಬಾಯಿಪಾಠ ಮಾಡಿಸಿದ್ದು ಬಿಲ್ಲೆಗಳನ್ನು ಐದೈದಾಗಿ, ಆರಾರಾಗಿ ಜೋಡಿಸಿ. ಚೂಟಿ ಎಂಬ ಹೆಸರೂ ಅತ್ತೆ ಇಟ್ಟದ್ದೇ. ಅದು ಎಷ್ಟರಮಟ್ಟಿಗೆ ಅಂಟಿಕೊಂಡಿತೆಂದರೆ, ಬ್ಯಾಂಕಿನವರು ಅಸಲಿ ಹೆಸರು ಹಿಡಿದು ಕೂಗಿದಾಗ ಅವಳು ಯಾರನ್ನೋ ಕರೆಯುತ್ತಿದ್ದಾರೆಂದು ಕೂತೇ ಇದ್ದಳು.

ಅಪ್ಪ ಇದ್ದಾಗ ಲೆಕ್ಕವೆಲ್ಲ ಸುಲಭ. ಸಂಜೆ ಬಾಗಿಲು ಎಳೆಯುವ ಮೊದಲು ಅಂದಿನ ಖರ್ಚನ್ನೆಲ್ಲ ಕೂಡಿಸುತ್ತಿದ್ದ: ಬಾಯ್ಲರಿನ ಡೀಸೆಲ್, ನೀರು, ಸೋಪು, ಕರೆಂಟು, ಬಾಡಿಗೆಯಲ್ಲಿ ಒಂದು ದಿನದ ಪಾಲು. ಆಮೇಲೆ ಗೋಡೆಯ ಕಡೆ ತಿರುಗಿ ಆ ದಿನ ಹೊರಗೆ ಹೋದ ಬಿಲ್ಲೆಗಳನ್ನು ಎಣಿಸಿ, ಖರ್ಚನ್ನು ಅದರಿಂದ ಭಾಗಿಸುತ್ತಿದ್ದ. "ಬಿಲ್ಲೆಗೆ ಎಷ್ಟು ಬಿತ್ತು?" ಎಂದು ಅತ್ತೆ ಕೇಳುವುದು, ಅವನು ಇಷ್ಟು ಎನ್ನುವುದು, ಹಾಗಾದರೆ ಪರವಾಗಿಲ್ಲ ಎಂದು ಅವಳು ದೀಪ ಆರಿಸುವುದು. ಅವನದು ಒಂದೇ ಕಟ್ಟಪ್ಪಣೆ. ಬಿಲ್ಲೆ ಕಟ್ಟದ ಬಟ್ಟೆ ಒಳಗೆ ಬರಕೂಡದು.

ಅಪ್ಪ ಹೋಗಿ ನಾಲ್ಕು ವರ್ಷ. ಅವನು ಹೋದ ಮರುವರ್ಷ ಚೂಟಿ ಓಡಾಡಿ ಚಪ್ಪಲಿ ಸವೆಸಿ ದೊಡ್ಡ ಹೋಟೆಲೊಂದರ ಗುತ್ತಿಗೆ ಹಿಡಿದಳು. ಹಾಸಿಗೆಯ ಚಾದರ, ಟವೆಲ್ಲು, ಮೇಜಿನ ಬಟ್ಟೆ, ಎಲ್ಲ ಸೇರಿ ದಿನಕ್ಕೆ ಹತ್ತು ತಳ್ಳುಗಾಡಿ ಹಿಂಬಾಗಿಲಿನಿಂದ ಬರತೊಡಗಿದವು. ಅಪ್ಪನ ಅಪ್ಪಣೆ ಮೀರಬಾರದೆಂದು ಒಂದೊಂದು ಗಾಡಿಗೂ ಒಂದೊಂದು ಬಿಲ್ಲೆ ತೂಗುಹಾಕಿದಳು. ಗಾಡಿ ಹೋಗುವಾಗ ಬಿಲ್ಲೆ ಟಿಣಿ ಟಿಣಿ ಎನ್ನುವುದು ಅವಳಿಗೆ ಹೆಮ್ಮೆಯ ಸಂಗತಿ.

ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಚೂಟಿ ಹೇಗಾದಾಳು. ನಾಲ್ಕು ತಿಂಗಳು ಸಂಜೆ ತರಗತಿಗೆ ಹೋಗಿ, ವ್ಯಾಪಾರದ ಒಂದೊಂದು ಭಾಗವನ್ನೂ ಬೇರೆ ಬೇರೆ ಅಳೆದು ನೋಡುವ ವಿದ್ಯೆ ಕಲಿತಳು. ಕಲಿತದ್ದೇ ತಡ, ಕಂಪ್ಯೂಟರಿನಲ್ಲಿ ಒಂದು ತಿಂಗಳ ಹಾಳೆ ಮಾಡಿದಳು. ಒಂದು ಕಡೆ ಕೌಂಟರ್, ಒಂದು ಕಡೆ ಹೋಟೆಲ್, ಒಂದೊಂದರ ಬರುವಳಿ, ಒಂದೊಂದರ ಖರ್ಚು. ಎರಡಕ್ಕೂ ಸೇರಿದ ಖರ್ಚನ್ನು ಹಂಚುವುದು ಹೇಗೆ? ಅದಕ್ಕೇನು ಯೋಚನೆ, ಅಪ್ಪನ ದಾರಿ ಇತ್ತಲ್ಲ. ದಿನಕ್ಕೆ ಹನ್ನೆರಡು ಸಾವಿರ ಖರ್ಚು, ಕೌಂಟರಿನ ಬಿಲ್ಲೆ ಐವತ್ತು, ಹೋಟೆಲಿನದು ಹತ್ತು. ಬಿಲ್ಲೆಗೆ ಇನ್ನೂರು ಬಿತ್ತು.

ಹಾಳೆ ಕೊಟ್ಟ ತೀರ್ಪು ಅವಳ ಎದೆ ಒಡೆಯಿತು. ಹೋಟೆಲಿನ ಕಡೆ ತಿಂಗಳಿಗೆ ಲಕ್ಷದ ಮೇಲೆ ಲಾಭ, ಕೌಂಟರಿನ ಕಡೆ ಲಕ್ಷದ ಮೇಲೆ ನಷ್ಟ, ಎರಡೂ ಸೇರಿ ಕೈಯಲ್ಲಿ ಉಳಿಯುವುದು ಹದಿಮೂರು ಸಾವಿರ. ಐದು ತಿಂಗಳು ನೋಡಿದಳು, ಐದು ತಿಂಗಳೂ ಅದೇ ರಾಗ. ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರ್ ತಮ್ಮ ಎರಡನೇ ಹೋಟೆಲಿನ ಬಟ್ಟೆಯನ್ನೂ ಅದೇ ದರಕ್ಕೆ ಕೊಡುತ್ತೇನೆ, ತಿಂಗಳ ಕೊನೆಗೆ ಸಹಿ ಹಾಕಿ ಎಂದ. ಅದಕ್ಕೆ ಇನ್ನೊಂದು ದೊಡ್ಡ ಮೆಷಿನ್ ಬೇಕು, ಮೆಷಿನ್ನಿಗೆ ಜಾಗ ಬೇಕು, ಜಾಗ ಇರುವುದು ಮುಂದಿನ ಕೋಣೆಯಲ್ಲಿ. ಹೀಗೆ ಎಲ್ಲ ದಾರಿಯೂ ಅತ್ತೆಯ ಹಲಗೆಯ ಹತ್ತಿರವೇ ಬಂದು ನಿಂತಿತು.

ಸೋಮವಾರ ಬೆಳಿಗ್ಗೆ ಅತ್ತೆ ಒದ್ದೆ ಬಟ್ಟೆಯಿಂದ ಬಿಲ್ಲೆ ಒರೆಸುತ್ತಿದ್ದಾಗ ಚೂಟಿ ಉಸಿರು ಬಿಗಿಹಿಡಿದು ಹೇಳಿಯೇಬಿಟ್ಟಳು. ಹಾಳೆಯನ್ನು ಹಲಗೆಯ ಮೇಲೆ ಹರಡಿ, ಬೆರಳಿಟ್ಟು ತೋರಿಸಿದಳು. ಮನೆಯಲ್ಲಿ ಆರಾಮಾಗಿ ಇರಬಹುದಲ್ಲ, ಕಾಲು ನೋವು ಅಂತೀಯಲ್ಲ ಎಂದು ಒಗ್ಗರಣೆಯನ್ನೂ ಹಾಕಿದಳು. ಅತ್ತೆ ಕನ್ನಡಕ ಏರಿಸಿ ಕೆಂಪಕ್ಷರದ ಮೊತ್ತವನ್ನು ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ಇಷ್ಟು ವರ್ಷ ನಾನು ಇಲ್ಲಿ ನಿಂತಿದ್ದು ನಿಮಗೆ ನಷ್ಟ ಮಾಡೋಕಾ?"

ಹಾಗಲ್ಲ ಅತ್ತೆ ಎಂದಳು ಚೂಟಿ. ಅತ್ತೆ ಕೂಗಾಡಲಿಲ್ಲ, ಅಳಲೂ ಇಲ್ಲ. ಹಾಳೆಯಲ್ಲಿ ಹಾಗೆ ಬಂದಿದ್ದರೆ ಸರಿ, ನೀನು ಓದಿದವಳು ಎಂದಳು. ಗಿರಾಕಿಗಳಿಗೆ ಬಾಗಿಲಿಗೆ ಚೀಟಿ ಅಂಟಿಸಿ ತಿಳಿಸಬೇಡ, ಬಂದವರಿಗೆ ಒಬ್ಬೊಬ್ಬರಿಗೂ ನಾನೇ ಬಾಯಲ್ಲಿ ಹೇಳುತ್ತೇನೆ ಎಂದಷ್ಟೇ ಕೇಳಿಕೊಂಡಳು. ಬೈದಿದ್ದರೆ ಚೂಟಿ ತಡೆದುಕೊಳ್ಳುತ್ತಿದ್ದಳು. ಈ ಒಪ್ಪಿಗೆಯನ್ನು ತಡೆಯಲಾರದೆ ಹಾಳೆ ಮಡಿಸಿಕೊಂಡು ಒಳಗೆ ಹೋದಳು.

ಸೋಮವಾರವೆಂದರೆ ಮೂರಂಗಿ ಮೇಷ್ಟ್ರು ಬರುವ ದಿನ. ಈ ಹೆಸರೂ ಅತ್ತೆಯ ಕೃಪೆ. ಆತ ಮೇಷ್ಟ್ರೇ ಅಲ್ಲ. ಸೈಕಲ್ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಒಂದು ಪೆಡಲಿಗೆ ಎಷ್ಟು ಖರ್ಚು, ಒಂದು ಚಕ್ರಕ್ಕೆ ಎಷ್ಟು ಎಂದು ಅಳೆದು ನಿವೃತ್ತರಾದವರು. ಯಾರು ಏನು ಹೇಳಿದರೂ "ಅದು ಹೇಗೆ ಗೊತ್ತಾಯ್ತು?" ಎಂದು ಕೇಳುವ ಚಾಳಿ ಇದ್ದುದರಿಂದ ಮೇಷ್ಟ್ರಾದರು. ವಾರಕ್ಕೆ ಮೂರೇ ಅಂಗಿ ತರುತ್ತಿದ್ದರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಂದು ಅತ್ತೆ ಅವರ ಕೈಗೆ ಬಿಲ್ಲೆ ಕೊಟ್ಟು, ಇನ್ನು ನಾಲ್ಕು ವಾರ ಅಷ್ಟೆ, ಚೂಟಿಯ ಹಾಳೆಯ ಪ್ರಕಾರ ಕೌಂಟರ್ ನಷ್ಟದಲ್ಲಿದೆ ಎಂದಳು. ಅವರು ಎಂದಿನಂತೆ ಅದು ಹೇಗೆ ಗೊತ್ತಾಯ್ತು ಎಂದರು.

ಒಳಗಿನಿಂದ ಕೇಳಿಸಿಕೊಂಡ ಚೂಟಿಗೆ ಮೊದಲೇ ಮನಸ್ಸು ಕೆಟ್ಟಿತ್ತು, ಈಗ ಪಿತ್ತ ನೆತ್ತಿಗೇರಿತು. ನಿಮ್ಮ ಮೂರು ಅಂಗಿಗೆ ಬೇರೆ ಲಾಂಡ್ರಿ ಸಿಗುತ್ತದೆ ಸಾರ್ ಎಂದುಬಿಟ್ಟಳು. ಆ ಮಾತಿಗೆ ಅವಳು ಇವತ್ತಿಗೂ ನಾಚುತ್ತಾಳೆ. ಮೇಷ್ಟ್ರು ಮುಖ ಗಂಟು ಹಾಕಿಕೊಳ್ಳಲಿಲ್ಲ. ಹಾಳೆ ಅಂದರೆ ನನಗೆ ಕೈ ಕಡಿಯುತ್ತದೆ ಕಣಮ್ಮ, ಒಂದು ಸಲ ನೋಡಲು ಕೊಡಿ ಎಂದರು. ಬಾಯಿ ಮುಚ್ಚಿಸಿದರೆ ಸಾಕೆಂದು ಅವಳು ಹಾಳೆಯನ್ನು ಅವರ ಮುಂದೆ ನೂಕಿದಳು.

ಅವರು ಮೇಲಿನಿಂದ ಕೆಳಗೆ ಒಮ್ಮೆ ಓದಿದರು. ಆಮೇಲೆ ತಮ್ಮ ಕೈಯ ಬಿಲ್ಲೆಯನ್ನು ಹಾಳೆಯ ಮೇಲೆ ಇಟ್ಟರು.

"ಈ ಹಾಳೆ ಪ್ರಕಾರ ನನ್ನ ಮೂರು ಅಂಗಿ ಇವತ್ತು ಎಷ್ಟು ಡೀಸೆಲ್ಲು, ನೀರು, ಸೋಪು ತಿಂತು?"

"ಎಲ್ಲಾ ಸೇರಿ ಇನ್ನೂರು."

ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಹೋಟೆಲಿನ ಮೊದಲನೇ ಗಾಡಿ ಒಳಗೆ ಬಂತು. ಚಾದರ, ಟವೆಲ್ಲು ತಲೆಯೆತ್ತರ ಒಟ್ಟಿತ್ತು. ಅದನ್ನು ತಳ್ಳುತ್ತಿದ್ದ ಹಬೆ ಮಾವ ಏದುಸಿರು ಬಿಡುತ್ತಿದ್ದ. ಹಬೆ ಮಾವ ಎಂದರೆ ಬಾಯ್ಲರ್ ನೋಡಿಕೊಳ್ಳುವವನು. ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಗಾಡಿಯ ಮೂಲೆಯಲ್ಲಿ ಬಿಲ್ಲೆ ಟಿಣಿ ಟಿಣಿ ಎಂದಿತು.

"ಆ ಗಾಡಿ ಎಷ್ಟು ತಿನ್ನುತ್ತೆ?" ಎಂದು ಮೇಷ್ಟ್ರು ಕೇಳಿದರು.

ಹಾಳೆಯ ಪ್ರಕಾರ ಅದಕ್ಕೂ ಇನ್ನೂರೇ. ಚೂಟಿ ಗಾಡಿ ನೋಡಿದಳು, ಹಲಗೆಯ ಮೇಲೆ ಮಡಿಸಿಟ್ಟ ಮೂರು ಅಂಗಿ ನೋಡಿದಳು. ಗಾಡಿ ನಲವತ್ತು ಕಿಲೋ, ಅಂಗಿಗಳು ಮುಕ್ಕಾಲು ಕಿಲೋ ಇದ್ದರೆ ಹೆಚ್ಚು. ಎರಡಕ್ಕೂ ಒಂದೊಂದು ಬಿಲ್ಲೆ. ಹಬೆ ಮಾವ ಹಣೆಯ ಬೆವರು ಒರೆಸಿಕೊಳ್ಳುತ್ತ ಕಿಸಕ್ಕನೆ ನಕ್ಕ. ಮೇಷ್ಟ್ರು ಮಾತ್ರ ನಗಲಿಲ್ಲ.

"ನಿಮ್ಮಪ್ಪನ ಲೆಕ್ಕ ತಪ್ಪಲ್ಲಮ್ಮ" ಎಂದರು. "ಅವರ ಕಾಲದಲ್ಲಿ ಎಲ್ಲಾ ಗಂಟೂ ಹೆಚ್ಚುಕಡಿಮೆ ಒಂದೇ ಅಳತೆ. ಆಗ ಬಿಲ್ಲೆ ಅಳತೆಗೋಲಾಗಿತ್ತು. ಗಾಡಿ ಬಂದ ದಿನ ಅದು ಬರೀ ಬಿಲ್ಲೆಯಾಯ್ತು. ಇನ್ನೊಂದು ಮಾತು. ಕೌಂಟರ್ ಮುಚ್ಚಿದ್ರೆ ಬಾಡಿಗೆ ಕಡಿಮೆ ಆಗುತ್ತಾ? ಬಾಯ್ಲರ್ ಬೇಗ ಬಿಸಿ ಆಗುತ್ತಾ? ಆ ಖರ್ಚೆಲ್ಲ ಯಾರ ತಲೆ ಮೇಲೆ ಹೋಗಿ ಕೂರುತ್ತೆ ಅಂತ ನೋಡಿದ್ರಾ?"

ಚೂಟಿ ಮೂರು ವರ್ಷ ಅಪ್ಪನ ಮೇಲಿನ ಭಕ್ತಿಯಿಂದ ಗಾಡಿಗೆ ಬಿಲ್ಲೆ ಕಟ್ಟಿ, ಅದೇ ಬಿಲ್ಲೆಯಿಂದ ಅತ್ತೆಯ ಕತ್ತು ಕುಯ್ಯಲು ಹೊರಟಿದ್ದಳು. ಮೇಷ್ಟ್ರು ಎರಡು ವಾರ ಕೇಳಿದರು. ಊಹೆ ಬೇಡ, ಅಳೆದು ನೋಡೋಣ, ಆಮೇಲೂ ನಷ್ಟವೇ ಬಂದರೆ ಮುಚ್ಚಿ, ನಾನೇ ಬೀಗ ಹಿಡಿದು ನಿಲ್ಲುತ್ತೇನೆ ಎಂದರು. ಸಹಿಗೆ ಇನ್ನೂ ನಾಲ್ಕು ವಾರ ಇತ್ತು.

ಮಾರನೆಯ ದಿನ ಪ್ರತಿ ಮೆಷಿನ್ನಿನ ಪಕ್ಕ ಒಂದು ಸ್ಲೇಟು, ಒಂದು ತುಂಡು ಸೀಮೆಸುಣ್ಣ ನೇತಾಡಿದವು. ಒಂದು ಸಲ ಬಟ್ಟೆ ತುಂಬಿದರೆ ಒಂದು ಗೀಟು, ಕೌಂಟರಿನದಾದರೆ ನೆಟ್ಟಗೆ, ಹೋಟೆಲಿನದಾದರೆ ಅಡ್ಡ. ಹಬೆ ಮಾವ ಮೊದಲು ಮೂಗು ಮುರಿದ. ನನ್ನ ಮೇಲೆ ಕಣ್ಣಿಡೋಕೆ ಇದೆಲ್ಲಾನಾ ಚೂಟಮ್ಮ ಎಂದ. ಸ್ಲೇಟಿನ ಮೇಲೆ ನಿಮ್ಮ ಹೆಸರು ಬರೆಯುವುದಿಲ್ಲ, ಮೆಷಿನ್ನಿನ ಹೊಟ್ಟೆಗೆ ಏನು ಹೋಯಿತೆಂದು ಅಷ್ಟೇ ಬರೆಯುವುದು ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಅತ್ತೆಗೆ ತಕ್ಕಡಿಯ ಕೆಲಸ. ಬಂದ ಗಂಟನ್ನೆಲ್ಲ ತೂಗಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ತನ್ನ ಕೌಂಟರ್ ಉಳಿಯಲೆಂದು ಒಂದು ಗುಲಗಂಜಿಯಷ್ಟೂ ಆಚೆ ಈಚೆ ಮಾಡಲಿಲ್ಲ. ಗಂಟು ಕಟ್ಟಿದ ಹಗ್ಗದ ತೂಕ ಕಳೆಯಬೇಕಾ ಎಂದು ಮೇಷ್ಟ್ರನ್ನೇ ಕೇಳಿ ಸುಸ್ತು ಮಾಡಿದಳು.

ಮೂರನೇ ದಿನಕ್ಕೆ ಒಂದು ವಿಚಿತ್ರ ಕಂಡಿತು. ಹೋಟೆಲಿನಿಂದ ಬರುವುದು ಹತ್ತು ಗಾಡಿ, ಮೆಷಿನ್ನಿಗೆ ಹೋಗಬೇಕಾದ್ದು ಹತ್ತು ಸಲ. ಸ್ಲೇಟಿನಲ್ಲಿ ಅಡ್ಡಗೀಟು ಹದಿಮೂರು. ನಾಲ್ಕನೇ ದಿನವೂ ಹದಿಮೂರು. ಚೂಟಿ ಹಬೆ ಮಾವ ಎಣಿಕೆ ತಪ್ಪಿದನೆಂದು ತಿಳಿದು ಹೋಗಿ ಕೇಳಿದಳು. ಅವನು ಮೇಜಿನ ಬಟ್ಟೆಗಳ ರಾಶಿ ತೋರಿಸಿದ. ಎಣ್ಣೆ, ಸಾಸು, ತುಟಿಯ ಬಣ್ಣ, ಎಲ್ಲ ಎರಡು ದಿನ ಒಣಗಿ ಕಲ್ಲಾಗಿ ಬರುತ್ತಿತ್ತು. ಒಂದು ಸಲಕ್ಕೆ ಹೋಗದೆ, ಮತ್ತೊಮ್ಮೆ ಹಾಕಿ, ಒಮ್ಮೊಮ್ಮೆ ಮೂರನೇ ಸಲವೂ ಹಾಕಿ ಒಗೆಯುತ್ತಿದ್ದರು. ದಿನಕ್ಕೆ ಮೂರು ಮೆಷಿನ್ನಿನಷ್ಟು ಡೀಸೆಲ್ಲು, ನೀರು ಅದಕ್ಕೇ ಸುರಿಯುತ್ತಿತ್ತು. ಬಿಲ್ಲು ಮಾತ್ರ ಒಂದು ಸಲದ್ದು.

"ಎರಡು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ, ಯಾರಿಗೆ ಕೇಳುತ್ತೆ" ಎಂದ ಹಬೆ ಮಾವ. ಅದೂ ನಿಜವೇ. ಅವನು ಹೇಳಿದಾಗಲೆಲ್ಲ ಚೂಟಿ ಹೂಂ ಎಂದು ಫೋನಿನಲ್ಲಿ ಮುಳುಗಿರುತ್ತಿದ್ದಳು. ಅಂದು ಅವಳು ಅವನ ಪಕ್ಕ ಬೆಂಚಿನ ಮೇಲೆ ಕೂತು, ತಪ್ಪಾಯಿತು ಮಾವ ಎಂದಳು. ಅವತ್ತಿನಿಂದ ಅವನು ಗೀಟುಗಳನ್ನು ಸ್ಕೇಲು ಹಿಡಿದು ಎಳೆದ ಹಾಗೆ ಎಳೆಯತೊಡಗಿದ.

ಎರಡು ವಾರ ಮುಗಿದ ಸೋಮವಾರ ಮೇಷ್ಟ್ರು ಮೂರು ಅಂಗಿಯ ಜೊತೆ ಒಂದು ಪೆನ್ಸಿಲನ್ನೂ ತಂದರು. ಕೌಂಟರಿನ ಹಲಗೆಯ ಮೇಲೇ ಇಬ್ಬರೂ ಹೊಸ ಹಾಳೆ ಬರೆದರು. ಡೀಸೆಲ್ಲು, ನೀರು, ಸೋಪು ಗೀಟಿನ ಲೆಕ್ಕದಲ್ಲಿ, ಬಾಡಿಗೆ ಹಿಡಿದ ಜಾಗದ ಲೆಕ್ಕದಲ್ಲಿ. ಇಸ್ತ್ರಿಯ ಕರೆಂಟು ಪೂರಾ ಕೌಂಟರಿಗೇ. ಮೇಷ್ಟ್ರು ಕೌಂಟರಿಗೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಕೂಡಿ ಕಳೆದು ಪೆನ್ಸಿಲ್ ನಿಂತಾಗ ಕೌಂಟರಿನ ಕೆಳಗೆ ತಿಂಗಳಿಗೆ ಅರವತ್ತನಾಲ್ಕು ಸಾವಿರ ಲಾಭವಿತ್ತು, ಹೋಟೆಲಿನ ಕೆಳಗೆ ಐವತ್ತೊಂದು ಸಾವಿರ ನಷ್ಟವಿತ್ತು. ಇಷ್ಟು ದಿನ ಹೋಟೆಲಿನ ಚಾದರಗಳನ್ನು ಒಗೆಸಿದ್ದು ಈ ಬೀದಿಯ ಜನರ ಅಂಗಿ, ಲಂಗ, ದಿಂಬಿನ ಚೀಲ. ಎರಡನೇ ಹೋಟೆಲಿಗೂ ಅದೇ ದರಕ್ಕೆ ಸಹಿ ಹಾಕಿ, ಕೌಂಟರನ್ನೂ ಮುಚ್ಚಿದ್ದರೆ ಆರು ತಿಂಗಳಲ್ಲಿ ಬಾಯ್ಲರನ್ನೇ ಮಾರಬೇಕಾಗುತ್ತಿತ್ತು.

ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಗಿ ಚೂಟಿ ಅತ್ತೆಯನ್ನು ಕೂಗಲು ತಿರುಗಿದಳು. ಮೇಷ್ಟ್ರು ಕೈ ತೋರಿಸಿ ತಡೆದರು. ಇನ್ನೂ ಒಂದು ಸಾಲು ಬಿಟ್ಟುಹೋಗಿದೆ ಎಂದರು.

"ಕೌಂಟರಲ್ಲಿ ಇಸ್ತ್ರಿಯವರ ಸಂಬಳ ಇದೆ. ಗಂಟು ತಗೊಂಡು, ಬಿಲ್ಲೆ ಕೊಟ್ಟು, ಗಿರಾಕಿ ಮಾತು ಕೇಳಿಸಿಕೊಳ್ಳೋರ ಸಂಬಳ ಎಲ್ಲಿದೆ?"

"ಅವರು ನಮ್ಮತ್ತೆ ಸಾರ್."

"ಗೊತ್ತು. ನಾನು ಕೇಳಿದ್ದು ಸಂಬಳ."

ಬೀದಿ ಬಾಗಿಲಲ್ಲಿ ಅತ್ತೆ ಯಾರದೋ ಮಗುವಿನ ಜೊತೆ ಮಾತಾಡುತ್ತಿದ್ದಳು. ಚೂಟಿ ಆ ಬೆನ್ನು ನೋಡುತ್ತ ನಿಂತಳು. ಇಪ್ಪತ್ತೆಂಟು ವರ್ಷ. ಊಟ, ಬಟ್ಟೆ, ವರ್ಷಕ್ಕೆ ಒಂದು ಜೊತೆ ಚಪ್ಪಲಿ. ಕೈಗೆ ಒಂದು ಕಾಸು ಎಂದು ಅಪ್ಪ ಕೊಟ್ಟಿರಲಿಲ್ಲ, ಅವಳೂ ಕೊಟ್ಟಿರಲಿಲ್ಲ, ಅತ್ತೆ ಕೇಳಿರಲಿಲ್ಲ. ಮನೆಯವಳಲ್ಲವೇ ಎಂಬ ಒಂದು ಮಾತಿನಲ್ಲಿ ಎಲ್ಲ ಮುಚ್ಚಿಹೋಗಿತ್ತು. ಅಂಥವಳ ಮುಂದೆ ಕೆಂಪಕ್ಷರದ ಹಾಳೆ ಹರಡಿ ನಿನ್ನಿಂದ ನಷ್ಟ ಎಂದು ತೋರಿಸಿದ್ದಳು.

"ಬೇರೆ ಯಾರನ್ನಾದ್ರೂ ನಿಲ್ಲಿಸಿದ್ರೆ ಎಷ್ಟು ಕೊಡ್ತಿದ್ರಿ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ಹತ್ತೊಂಬತ್ತೂವರೆ ಸಾವಿರ ಎಂದಳು. ಇಸ್ತ್ರಿಯವರಿಗೂ ಅಷ್ಟೇ ಕೊಡುತ್ತಿದ್ದುದು. ಮೇಷ್ಟ್ರು ಪೆನ್ಸಿಲನ್ನು ಅವಳ ಕೈಗೇ ಕೊಟ್ಟರು. ಈ ಸಾಲಿನಿಂದ ಕೌಂಟರ್ ಮತ್ತೆ ಮುಳುಗಿದರೆ ಏನು ಗತಿ ಎಂಬ ಭಯದಲ್ಲೇ ಅವಳು ಬರೆದಳು. ಕೌಂಟರ್ ಮುಳುಗಲಿಲ್ಲ. ಅತ್ತೆಯ ಸಂಬಳ ಕಳೆದೂ ನಲವತ್ತನಾಲ್ಕೂವರೆ ಸಾವಿರ ಉಳಿಯಿತು. ಮುಳುಗಿದ್ದು ಒಟ್ಟು ಲೆಕ್ಕ. ಕೌಂಟರ್, ಹೋಟೆಲ್ ಎರಡೂ ಸೇರಿಸಿದರೆ ಆರೂವರೆ ಸಾವಿರ ಸೊನ್ನೆಯಿಂದ ಕೆಳಗೆ.

"ನೀವು ಪ್ರತಿ ತಿಂಗಳೂ ಲಾಭ ಅಂತ ಬರೆದ ಹದಿಮೂರು ಸಾವಿರ ಇದ್ಯಲ್ಲಮ್ಮ, ಅದು ಲಾಭ ಅಲ್ಲ. ಅವರಿಗೆ ಕೊಡದೇ ಉಳಿಸಿಕೊಂಡಿದ್ದು. ಅದೂ ಪೂರ್ತಿ ಉಳಿದಿಲ್ಲ."

ಚೂಟಿ ಅಂದು ಮಧ್ಯಾಹ್ನ ಚಾದರಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ನಾಚಿಕೆಗೂ ಅತ್ತಳು, ಕೃತಜ್ಞತೆಗೂ ಅತ್ತಳು. ಯಾವುದು ಎಷ್ಟು ಎಂದು ಹಂಚಲು ಮೇಷ್ಟ್ರ ಹತ್ತಿರವೂ ಅಳತೆಗೋಲು ಇರಲಿಲ್ಲ. ಇನ್ನೆರಡು ವಾರ ತಡವಾಗಿದ್ದರೆ ಸಹಿ ಬಿದ್ದುಹೋಗಿರುತ್ತಿತ್ತು. ಆಮೇಲೆ ಮುಖ ತೊಳೆದು, ಸ್ಲೇಟುಗಳ ಲೆಕ್ಕವನ್ನೆಲ್ಲ ಒಂದು ಕಾಗದಕ್ಕೆ ಇಳಿಸಿ ಹೋಟೆಲಿಗೆ ಹೋದಳು.

ಮ್ಯಾನೇಜರ್ ಮೊದಲು ನಕ್ಕ, ಆಮೇಲೆ ಬೇರೆ ಲಾಂಡ್ರಿಗಳ ಹೆಸರು ಹೇಳಿ ಹೆದರಿಸಿದ. ಚೂಟಿ ಹೆದರಲಿಲ್ಲ. ಈ ದರಕ್ಕೆ ಎರಡನೇ ಹೋಟೆಲ್ ಬೇಡ, ಮೊದಲನೆಯದನ್ನು ಉಳಿಸಿಕೊಳ್ಳಲು ಬಂದಿದ್ದೇನೆ ಎಂದು ಕಾಗದ ಮುಂದಿಟ್ಟಳು. ಮೇಜಿನ ಬಟ್ಟೆ ಎಷ್ಟು ಸಲ ಒಗೆಯಬೇಕಾಗುತ್ತದೆ, ಹಾಗೆ ಒಗೆದು ಒಗೆದು ಎಷ್ಟು ಬೇಗ ಹರಿಯುತ್ತದೆ, ಹೊಸದಕ್ಕೆ ಅವನು ಎಷ್ಟು ಸುರಿಯುತ್ತಿದ್ದಾನೆ ಎಂಬುದೆಲ್ಲ ಅದರಲ್ಲಿತ್ತು. ಕೊನೆಯ ಸಾಲು ನೋಡಿದಾಗ ಅವನ ನಗು ಇಳಿಯಿತು. ಅವನದೂ ಹಾಳೆ ನೋಡುವ ಕೆಲಸವೇ ತಾನೆ. ಊಟದ ಸರದಿ ಮುಗಿದ ಕೂಡಲೇ ಕಲೆಯಾದ ಬಟ್ಟೆಗಳನ್ನು ಬೇರೆ ಮಾಡಿ, ನೀರಲ್ಲಿ ನೆನೆಸಿ, ಅದೇ ದಿನ ಕಳಿಸಲು ಒಪ್ಪಿದ. ಕಿಲೋಗೆ ಇಪ್ಪತ್ತಿದ್ದುದನ್ನು ಬಹಳ ಕೊಸರಾಡಿ ಇಪ್ಪತ್ತೆರಡು ಮಾಡಿದ. ಒಂದು ವಾರದಲ್ಲಿ ಸ್ಲೇಟಿನ ಹದಿಮೂರು ಹನ್ನೊಂದಕ್ಕೆ ಇಳಿಯಿತು. ಅಂದು ಹಬೆ ಮಾವ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಹೊರಟವನ ಹಾಗೆ ಓಡಾಡಿದ.

ಮೇಷ್ಟ್ರಿಗೆ ಏನು ಕೊಡುವುದು? ಚೂಟಿ ಲಕೋಟೆ ಕೊಡಲು ಹೋದರೆ ಅವರು ಕೈ ಹಿಂದೆ ಕಟ್ಟಿಕೊಂಡರು. ಇನ್ನು ಮೇಲೆ ನಿಮ್ಮ ಅಂಗಿಗೆ ದುಡ್ಡು ಬೇಡ ಎಂದರೆ ಸಿಟ್ಟೇ ಬಂತು. ಮೂರು ಅಂಗಿಗೆ ನೀವು ತೆಗೆದುಕೊಳ್ಳುತ್ತಿರುವುದು ಈಗಲೇ ಅಸಲಿಗಿಂತ ಕಡಿಮೆ, ಸಣ್ಣ ಗಂಟಿನಲ್ಲಿ ನಿಮಗೆ ಕೈ ಸುಡುತ್ತಿದೆ, ಮುಂದಿನ ವಾರದಿಂದ ಎಂಟು ರೂಪಾಯಿ ಹೆಚ್ಚಿಗೆ ಹಾಕಿ ಎಂದು ಲೆಕ್ಕ ಸಮೇತ ತೋರಿಸಿದರು. ತನ್ನ ದರ ತಾನೇ ಏರಿಸಿಕೊಂಡ ಗಿರಾಕಿಯನ್ನು ಆ ಅಂಗಡಿ ಅದಕ್ಕೆ ಮೊದಲು ನೋಡಿರಲಿಲ್ಲ. ನೀವು ಬರದಿದ್ದರೆ ನಮ್ಮನೆ ಮುಳುಗುತ್ತಿತ್ತು ಸಾರ್, ಅವತ್ತು ನಾನು ಒರಟಾಗಿ ಮಾತಾಡಿದೆ ಎಂದು ಚೂಟಿ ಹೇಳಿದಳು. ಮೇಷ್ಟ್ರು ಕಣ್ಣು ಮಿಟುಕಿಸಿ, ಅಂಗಡಿ ಮುಚ್ಚಿದ್ದರೆ ನನಗೆ ಇಷ್ಟು ಗರಿಗರಿ ಇಸ್ತ್ರಿ ಎಲ್ಲಿ ಸಿಗುತ್ತಿತ್ತು, ಸ್ವಾರ್ಥ ಕಣಮ್ಮ ಎಂದು ಹೊರಟರು.

ಮುಂದಿನ ತಿಂಗಳ ಕೊನೆಗೆ ಹಾಳೆಯಲ್ಲಿ ಹೋಟೆಲಿನ ನಷ್ಟ ಎರಡು ಸಾವಿರಕ್ಕೆ ಇಳಿದಿತ್ತು. ಎಲ್ಲರಿಗೂ ಸಂಬಳ ಕೊಟ್ಟು, ಎಲ್ಲ ಕೂಡಿ ಕಳೆದು ನಲವತ್ತೆರಡು ಸಾವಿರ ಉಳಿದಿತ್ತು. ಚೂಟಿ ಎಲ್ಲರ ಲಕೋಟೆಗಳ ಜೊತೆ ಇನ್ನೊಂದನ್ನು ತಂದು ಅತ್ತೆಯ ಹಲಗೆಯ ಮೇಲಿಟ್ಟಳು. ಅತ್ತೆ ಅದನ್ನು ಬಿಸಿ ಇಸ್ತ್ರಿಪೆಟ್ಟಿಗೆ ಎಂಬಂತೆ ಬೆರಳ ತುದಿಯಿಂದ ನೂಕಿದಳು. ಮನೆಯವಳಿಗೆ ಎಂಥ ಸಂಬಳ, ಜನ ಕೇಳಿದರೆ ನಗುತ್ತಾರೆ ಎಂದಳು.

"ಇದು ನಾನು ಕೊಡ್ತಿರೋದಲ್ಲ ಅತ್ತೆ. ಹಾಳೇಲಿ ಒಂದು ಸಾಲಿದೆ, ಅದು ನಿಂದು. ನೀನು ತಗೊಳ್ದೆ ಇದ್ರೆ ನನ್ನ ಹಾಳೆ ಮತ್ತೆ ಸುಳ್ಳಾಗುತ್ತೆ" ಎಂದಳು ಚೂಟಿ. ಇನ್ನೂ ಹೇಳಬೇಕೆಂದಿದ್ದಳು. ನೀನು ನಿಂತದ್ದರಿಂದಲೇ ಈ ಮನೆ ನಿಂತದ್ದು ಎನ್ನಬೇಕೆಂದಿದ್ದಳು. ಅದನ್ನೂ ಹೇಳಿದಳು. ಅತ್ತೆ ಲಕೋಟೆ ತೆಗೆದುಕೊಂಡಳು. ಮೂರು ಸಲ ಎಣಿಸಿದಳು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದಾಗ ಹಲಗೆಯ ಹಿಂದೆ ಅತ್ತೆ ಇರಲಿಲ್ಲ. ಇಷ್ಟು ವರ್ಷದಲ್ಲಿ ಹಾಗಾದದ್ದು ಮೊದಲ ಸಲ. ಚೂಟಿ ಗಾಬರಿಯಾಗಿ, ಸಂಬಳ ಎಂದದ್ದಕ್ಕೆ ಮನಸ್ಸಿಗೆ ಹಚ್ಚಿಕೊಂಡಳೋ ಏನೋ ಎಂದುಕೊಳ್ಳುತ್ತ ಕೌಂಟರಿಗೆ ಬಂದು ನಿಂತಳು. ಅಷ್ಟರಲ್ಲಿ ಬೀದಿಯ ಕಡೆಯಿಂದ ಅತ್ತೆ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಒಂದು ಗಂಟು. ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತು, ಗಂಟನ್ನು ಹಲಗೆಯ ಮೇಲಿಟ್ಟಳು.

ಗಂಟಿನಲ್ಲಿದ್ದುದು ಅವಳದೇ ಬಟ್ಟೆ, ಅವಳದೇ ಹೊದಿಕೆ. ಊರಿನ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಸಿದವಳು ತನ್ನದನ್ನು ಇಪ್ಪತ್ತೆಂಟು ವರ್ಷ ಮನೆಯ ಹಿಂದಿನ ಕಲ್ಲಿನ ಮೇಲೆ ತಣ್ಣೀರಿನಲ್ಲಿ ತಾನೇ ಕುಕ್ಕಿ ಒಗೆದುಕೊಂಡಿದ್ದಳು. ಯಾಕೆ ಎಂದು ಚೂಟಿ ಚಿಕ್ಕವಳಿದ್ದಾಗ ಕೇಳಿದ್ದಳು. ಅಂಗಡಿಗೆ ಸುಮ್ಮನೆ ಖರ್ಚು ಯಾಕೆ ಎಂದು ಅತ್ತೆ ಹೇಳಿದ್ದಳು. ಆ ಕಲ್ಲಿಗೆ ಹೋಗಿ ಹೋಗಿಯೇ ಅವಳ ಬೆರಳುಗಳ ಗಿಣ್ಣು ಊದಿಕೊಂಡಿದ್ದವು.

"ತೂಗು" ಎಂದಳು ಅತ್ತೆ.

ಚೂಟಿ ತೂಗಿದಳು. ಮೂರು ಕಿಲೋ. ಪುಸ್ತಕದಲ್ಲಿ ಬರೆದಳು. ಅಕ್ಷರ ಸರಿಯಾಗಿ ಕಾಣಿಸದೆ ಎರಡು ಸಲ ಬರೆದಳು. ಗೋಡೆಯಿಂದ ಒಂದು ಜೊತೆ ಬಿಲ್ಲೆ ತೆಗೆದು, ಒಂದನ್ನು ಗಂಟಿಗೆ ಕಟ್ಟಿ, ಇನ್ನೊಂದನ್ನು ಅತ್ತೆಯ ಊದಿದ ಬೆರಳುಗಳ ನಡುವೆ ಇಟ್ಟಳು. ಎಷ್ಟಾಯ್ತು ಎಂದು ಅತ್ತೆ ಕೇಳಿದಳು. ದುಡ್ಡು ಬೇಡ ಎಂಬ ಮಾತು ಚೂಟಿಯ ಬಾಯಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, ನೂರ ಐವತ್ತು ಎಂದಳು. ಅತ್ತೆ ಲಕೋಟೆಯಿಂದ ಇನ್ನೂರು ತೆಗೆದು ಕೊಟ್ಟಳು.

ಚೂಟಿ ಆ ದುಡ್ಡನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು. ಕಣ್ಣು ತುಂಬಿ ಹಲಗೆಯೂ ಕಾಣುತ್ತಿರಲಿಲ್ಲ. ಅತ್ತೆ ಬಿಲ್ಲೆಯಿಂದ ಹಲಗೆಯ ಮೇಲೆ ಎರಡು ಸಲ ಕುಟ್ಟಿದಳು.

"ಚಿಲ್ಲರೆ ಐವತ್ತು ಕೊಡು. ನಿನ್ನ ಹಾಳೇಲಿ ತಪ್ಪು ಬರಬಾರದು."

ಚೂಟಿ ಐವತ್ತನ್ನು ಎಣಿಸಿ ಅವಳ ಅಂಗೈಯಲ್ಲಿ ಇಟ್ಟಳು. ಅತ್ತೆ ಅದನ್ನು ಮತ್ತೊಮ್ಮೆ ಎಣಿಸಿಕೊಂಡು, ಹಲಗೆಯ ಬಾಗಿಲು ಎತ್ತಿ ಒಳಗೆ ಬಂದು, ಅವಳನ್ನು ಮೊಣಕೈಯಿಂದ ಸರಿಸಿ ತನ್ನ ಜಾಗದಲ್ಲಿ ನಿಂತಳು. ಬೀದಿಯಲ್ಲಿ ಮೂರಂಗಿ ಮೇಷ್ಟ್ರು ಬರುತ್ತಿದ್ದರು.